ಹಬ್ಬದೂಟದ ಮರುದಿನ

1918ರ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ಸಾಬರ್ಮತಿ ಆಶ್ರಮದಲ್ಲಿ ಹಬ್ಬದ ಅಡುಗೆಯಾಗಿತ್ತು. ಯಾವ ಹಬ್ಬವೆಂದು ಗಾಂಧಿ ತಮ್ಮ ಆತ್ಮಕಥೆಯಲ್ಲಿ ಹೇಳುವುದಿಲ್ಲ. ಆದರೆ ಅಂದು ತಟ್ಟೆಯಲ್ಲಿ ಏನಿತ್ತು ಎಂಬುದನ್ನು ಅವರು ಹತ್ತು ವರ್ಷ ಕಳೆದರೂ ಮರೆತಿರಲಿಲ್ಲ. ಗೋಧಿಯ ಸಿಹಿ ಗಂಜಿ ಇತ್ತು. ಧಾರವಾಡ, ಬೆಳಗಾವಿ ಕಡೆಯವರು ತಮ್ಮ ಗೋಧಿ ಹುಗ್ಗಿಯನ್ನು ನೆನೆದುಕೊಂಡರೆ ಸಾಕು. ಗಾಂಧಿ ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟಿದ್ದರಿಂದ ಕಸ್ತೂರ್‌ಬಾ ಅದಕ್ಕೆ ತುಪ್ಪದ ಬದಲು ಎಣ್ಣೆ ಹಾಕಿದ್ದರು. ಜೊತೆಗೆ ಅವರಿಗೆಂದೇ ಒಂದು ಬಟ್ಟಲು ಹೆಸರುಕಾಳು ತೆಗೆದಿಟ್ಟಿದ್ದರು.

ಅಂದು ಮಧ್ಯಾಹ್ನ ಊಟ ಬೇಡವೆಂದು ಗಾಂಧಿ ಮೊದಲೇ ಹೇಳಿದ್ದರು. ಹಿಂದಿನ ದಿನದಿಂದಲೇ ಹೊಟ್ಟೆ ಕೆಟ್ಟಿತ್ತು. ಬೆಳಗಿನ ಊಟ ಬಿಟ್ಟಿದ್ದರಿಂದ ಸ್ವಲ್ಪ ಹಗುರವಾಗಿತ್ತು. ಉಪವಾಸವನ್ನು ಇನ್ನೂ ಮುಂದುವರಿಸಬೇಕು, ತಗೊಂಡರೆ ಹಣ್ಣಿನ ರಸ ಮಾತ್ರ ಎಂಬುದೂ ಅವರಿಗೆ ಗೊತ್ತಿತ್ತು. ಆದರೂ ತಟ್ಟೆಯ ಮುಂದೆ ಕೂತರು. ಹೆಂಡತಿಯ ಮನಸ್ಸಿಗೂ ತಮ್ಮ ನಾಲಗೆಗೂ ಸಮಾಧಾನವಾಗುವಷ್ಟು, ಒಂದೆರಡು ತುತ್ತು ತಿಂದು ಎದ್ದರಾಯಿತು ಎಂಬ ಲೆಕ್ಕಾಚಾರ. ಆ ಲೆಕ್ಕ ಯಾರಿಗೆ ತಾನೇ ಗೊತ್ತಿಲ್ಲ? ಎದ್ದಾಗ ಹೊಟ್ಟೆ ತುಂಬಿತ್ತು. ಒಂದು ಗಂಟೆಯೊಳಗೆ ಆಮಶಂಕೆ ತೀವ್ರವಾಗಿ ಶುರುವಾಯಿತು.

ಆ ಊಟದಿಂದ ಚೇತರಿಸಿಕೊಳ್ಳಲು ಅವರಿಗೆ ಐದು ತಿಂಗಳು ಬೇಕಾಯಿತು. ಆ ಐದು ತಿಂಗಳಲ್ಲಿ ಅವರು ಸಾವಿಗೆ ಸಿದ್ಧರಾದರು, ಕೊನೆಗೆ ಒಂದು ವ್ರತವನ್ನು ಅರ್ಧ ಮುರಿದರು. ಊಟದ ಕತೆಯನ್ನು ಬಹಳ ಜನ ಓದಿದ್ದಾರೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಅನುವಾದದಲ್ಲಿ ಗಾಂಧಿ ಆತ್ಮಕಥೆ ಕನ್ನಡದ ಮನೆಮನೆಗೂ ಬಂದಿತ್ತು. ಆದರೆ ಊಟದ ನಂತರದ ತಿಂಗಳುಗಳ ಕಡೆ, ಅಂದರೆ ಅತಿಯಾಗಿ ಉಂಡ ಮನುಷ್ಯ ಮತ್ತೆ ತನ್ನ ಎಂದಿನ ಊಟಕ್ಕೆ ಹೇಗೆ ಮರಳಿದ ಎಂಬ ಕಡೆ, ನಮ್ಮ ಗಮನ ಅಷ್ಟಾಗಿ ಹೋಗಿಲ್ಲ.

ಆ ಬೇಸಿಗೆ ಮತ್ತು ಮಳೆಗಾಲ ಗಾಂಧಿಯ ಬದುಕಿನಲ್ಲೇ ವಿಚಿತ್ರವಾದವು. ಖೇಡಾ ಜಿಲ್ಲೆಯ ಕಂದಾಯ ಸತ್ಯಾಗ್ರಹ ಆಗಷ್ಟೇ ಮುಗಿದಿತ್ತು. ಮೊದಲ ಮಹಾಯುದ್ಧಕ್ಕೆ ಸೈನಿಕರನ್ನು ಒದಗಿಸಲು ನೆರವಾಗುತ್ತೇನೆಂದು ದೆಹಲಿಯ ಯುದ್ಧ ಸಮ್ಮೇಳನದಲ್ಲಿ ವೈಸರಾಯಿಗೆ ಮಾತು ಕೊಟ್ಟಿದ್ದರು. ಹೀಗಾಗಿ ಅಹಿಂಸೆಯ ಪ್ರತಿಪಾದಕ ಅದೇ ಖೇಡಾದ ಹಳ್ಳಿಹಳ್ಳಿಗೆ ಹೋಗಿ ಸೈನ್ಯಕ್ಕೆ ಸೇರಿ ಎಂದು ಕೇಳತೊಡಗಿದರು. ಸತ್ಯಾಗ್ರಹದ ದಿನಗಳಲ್ಲಿ ಪುಕ್ಕಟೆಯಾಗಿ ಗಾಡಿ ಕೊಡುತ್ತಿದ್ದ ಜನ ಈಗ ಬಾಡಿಗೆಗೂ ಕೊಡಲಿಲ್ಲ. ದಿನಕ್ಕೆ ಇಪ್ಪತ್ತು ಮೈಲಿಯವರೆಗೂ ನಡೆಯಬೇಕಾಗುತ್ತಿತ್ತು. ಊಟವೆಂದರೆ ಮುಖ್ಯವಾಗಿ ನೆಲಗಡಲೆಯ ಬೆಣ್ಣೆ, ನಿಂಬೆಹಣ್ಣು. ನೆಲಗಡಲೆ ಬೆಣ್ಣೆ ಅತಿಯಾದರೆ ಆರೋಗ್ಯ ಕೆಡುತ್ತದೆಂದು ತಿಳಿದೂ ಅತಿಯಾಗಿ ತಿಂದೆ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಅತಿಯಾದದ್ದು ಹಬ್ಬದ ದಿನ ಮಾತ್ರವಲ್ಲ ಎಂದಾಯಿತು. ಬಿಗಿಯಾದ ವ್ರತದೊಳಗೇ ಅತಿಸೇವನೆ ನಡೆದಿತ್ತು. ಏಕಾದಶಿಯ ದಿನ ಸಾಬೂದಾಣಿ ಖಿಚಡಿಯನ್ನು ಮೂರು ಸಲ ಬಡಿಸಿಕೊಂಡವರಿಗೆ ಇದು ಹೊಸದಲ್ಲ. ಮುಂಬಯಿ, ಪುಣೆಯ ನೆರೆಹೊರೆಯವರು ಅದಕ್ಕೊಂದು ಗಾದೆಯನ್ನೇ ಇಟ್ಟುಕೊಂಡಿದ್ದಾರೆ: ಏಕಾದಶಿ, ದುಪ್ಪಟ್ ಖಾಶಿ.

ಆ ಸಂಜೆಯೇ ಅವರು ನಡಿಯಾದ್‌ಗೆ ಮರಳಬೇಕಿತ್ತು. ಆಶ್ರಮದಿಂದ ಸಾಬರ್ಮತಿ ಸ್ಟೇಷನ್ನಿಗೆ ಹತ್ತು ಫರ್ಲಾಂಗು, ಅಂದರೆ ಎರಡು ಕಿಲೋಮೀಟರು. ಇಪ್ಪತ್ತು ಮೈಲಿ ನಡೆಯುತ್ತಿದ್ದ ಮನುಷ್ಯನಿಗೆ ಆ ದೂರ ಸಾಕುಸಾಕಾಯಿತು. ಅಹಮದಾಬಾದಿನಲ್ಲಿ ಜೊತೆಯಾದ ವಲ್ಲಭಭಾಯಿ ಪಟೇಲರಿಗೆ ಏನೋ ಸರಿಯಿಲ್ಲವೆಂದು ಅನ್ನಿಸಿತು. ನೋವು ಎಷ್ಟಿದೆ ಎಂದು ಗಾಂಧಿ ಬಾಯಿಬಿಡಲಿಲ್ಲ. ರಾತ್ರಿ ಹತ್ತರ ಹೊತ್ತಿಗೆ ನಡಿಯಾದ್. ಇಳಿದುಕೊಂಡಿದ್ದ ಅನಾಥಾಶ್ರಮ ಅರ್ಧ ಮೈಲಿ ದೂರದಲ್ಲಿತ್ತು. ಶೌಚದ ಕೋಣೆಗೆ ನಡೆಯಲಾಗದೆ ಪಕ್ಕದ ಕೋಣೆಯಲ್ಲಿ ಕಮೋಡ್ ಇಡಿಸಬೇಕಾಯಿತು. ಹಾಗೆ ಕೇಳಲು ನಾಚಿಕೆಯಾಯಿತು ಎಂದು ಬರೆಯುತ್ತಾರೆ. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮೂವತ್ತರಿಂದ ನಲವತ್ತು ಸಲ ಭೇದಿ.

ಅವರು ಔಷಧಿ ಬೇಡವೆಂದರು. ಡಾ. ಕಾನೂಗಾ ಬಂದು ಬೇಡಿಕೊಂಡರೂ ಇಲ್ಲ. ಇಂಜೆಕ್ಷನ್? ಅದೂ ಇಲ್ಲ. ಇಂಜೆಕ್ಷನ್ ಎಂದರೆ ಪ್ರಾಣಿಜನ್ಯ ಸೀರಮ್ ಎಂದೇ ಅವರು ಆಗ ನಂಬಿದ್ದರು. ಅದು ಗಿಡಮೂಲದ್ದು ಎಂದು ಗೊತ್ತಾದಾಗ ಕಾಲ ಮೀರಿತ್ತು. ಬಹುಶಃ ಅದು ಎಮಿಟೀನ್. ಇಪಿಕಾಕ್ ಬೇರಿನಿಂದ ತೆಗೆದ ಆ ಔಷಧಿಯ ಇಂಜೆಕ್ಷನ್ನನ್ನು ಆಮಶಂಕೆಗೆ ಬಳಸುವುದನ್ನು ಲಿಯೊನಾರ್ಡ್ ರಾಜರ್ಸ್ 1912ರಲ್ಲಿ ಕಲ್ಕತ್ತದಲ್ಲೇ ತೋರಿಸಿಕೊಟ್ಟಿದ್ದರು. ಗಾಂಧಿ ಮೊದಮೊದಲು ಹಣ್ಣಿನ ರಸವನ್ನೂ ಮುಟ್ಟದೆ ಉಪವಾಸ ಬಿದ್ದರು. ತಮ್ಮ ಮೂರ್ಖತನಕ್ಕೆ ತಕ್ಕ ದಂಡ ಅನುಭವಿಸುವುದೇ ಸರಿ ಎಂಬುದು ಅವರ ನಿಲುವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ಬಟ್ಟಲು ಗಂಜಿ ಆಮಶಂಕೆಯನ್ನು ಹುಟ್ಟಿಸುವುದಿಲ್ಲ. ಅದು ಸೋಂಕು. ಮಳೆಗಾಲದ ಹಳ್ಳಿಗಳ ನೀರಿನಲ್ಲೋ ಊಟದಲ್ಲೋ ಎಲ್ಲೋ ಹೊಟ್ಟೆ ಸೇರಿದ ರೋಗಾಣು ಹಬ್ಬಕ್ಕೂ ಮೊದಲೇ ಕೆಲಸ ಶುರುಮಾಡಿತ್ತು. ತುಂಬು ಊಟ ಅದನ್ನು ಕೆರಳಿಸಿರಬಹುದು, ಅಷ್ಟೆ. ಆದರೆ ಗಾಂಧಿಯ ಲೆಕ್ಕದಲ್ಲಿ ರೋಗಾಣುವಿಗೆ ಜಾಗವೇ ಇಲ್ಲ. ಅಲ್ಲಿರುವುದು ಸೈತಾನ, ನಾಲಗೆ, ಯಮದೂತ. ತಪ್ಪು ಮಾಡಿದ್ದೇನೆ ಎಂದ ಮೇಲೆ ಶಿಕ್ಷೆ ಬೇಕಲ್ಲ? ಔಷಧಿ ತಗೊಂಡರೆ ಶಿಕ್ಷೆ ತಪ್ಪಿಸಿಕೊಂಡಂತೆ. ಅತಿಯಾಗಿ ಉಂಡದ್ದನ್ನು ಪಾಪವೆಂದು ಎಣಿಸಿದ ಕೂಡಲೇ ಮರುದಿನದ ಪ್ರಶ್ನೆಯೇ ಬದಲಾಗಿಬಿಡುತ್ತದೆ. ಈಗ ಏನು ತಿಂದರೆ ಒಳ್ಳೆಯದು ಎನ್ನುವುದು ಹೋಗಿ, ಎಷ್ಟು ನರಳಿದರೆ ಸಾಕು ಎಂಬುದು ಬರುತ್ತದೆ. ದೀಪಾವಳಿಯ ಮರುದಿನ ಬರಿಯ ನೀರು ಕುಡಿದು, ಎರಡು ಗಂಟೆ ಟ್ರೆಡ್‌ಮಿಲ್ ಮೇಲೆ ಓಡಿ, ಮೂರನೆಯ ದಿನ ಉಳಿದ ಮೈಸೂರುಪಾಕಿನ ಡಬ್ಬಿ ಖಾಲಿಮಾಡುವವರು ಇದೇ ದಾರಿಯ ಪ್ರಯಾಣಿಕರು.

ವೈದ್ಯಕೀಯವಾಗಿ ಅವರಿಗೆ ಆಗ ಮೊದಲು ಬೇಕಿದ್ದದ್ದು ನೀರು, ಉಪ್ಪು, ಒಂದಿಷ್ಟು ಸಕ್ಕರೆ. ಅರ್ಧ ಶತಮಾನದ ನಂತರ, 1971ರಲ್ಲಿ, ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಬಿಸ್ ಕಾಲರಾ ರೋಗಿಗಳಿಗೆ ಕುಡಿಸಿ ಬದುಕಿಸಿದ್ದು ಇದನ್ನೇ. ಉಪ್ಪು ಹಾಕಿದ ಅಕ್ಕಿ ಗಂಜಿಯ ತಿಳಿ ಅದಕ್ಕೆ ಬಹಳ ದೂರದ್ದಲ್ಲ.

ಗಂಜಿ ಎಂದ ಕೂಡಲೇ ಹಳೆಯ ಪುಸ್ತಕಗಳ ಕಡೆ ಹೋಗಬೇಕಾಗುತ್ತದೆ. ಹಬ್ಬದ ಮರುದಿನದ ಬಗ್ಗೆ ಈ ದೇಶ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಯೋಚಿಸಿದೆ, ಆ ಯೋಚನೆಯ ಬಹುಪಾಲು ಗಾಂಧಿಯ ದಾರಿಗಿಂತ ಬೇರೆಯಾಗಿದೆ.

ಅತಿಯಾಗಿ ಉಂಡವನ ಅತ್ಯಂತ ಹಳೆಯ ಚಿತ್ರಗಳಲ್ಲೊಂದು ಪಾಳಿಯ ಸಂಯುತ್ತ ನಿಕಾಯದಲ್ಲಿದೆ. ಕೋಸಲದ ದೊರೆ ಪಸೇನದಿ ಒಂದು ದೋಣ ಅಕ್ಕಿಯ ಅನ್ನ ಉಣ್ಣುತ್ತಿದ್ದ. ಸಾಮಾನ್ಯ ಲೆಕ್ಕದಲ್ಲಿ ದೋಣವೆಂದರೆ ಹದಿನಾರು ನಾಳಿ. ಒಂದು ದಿನ ಹಾಗೆ ಉಂಡು, ಏದುಸಿರು ಬಿಡುತ್ತ ಸಾವತ್ಥಿಯಲ್ಲಿ ಬುದ್ಧನ ಮುಂದೆ ಬಂದು ಕೂತ. ಬುದ್ಧ ಬೈಯಲಿಲ್ಲ, ಉಪವಾಸ ಮಾಡು ಎಂದೂ ಹೇಳಲಿಲ್ಲ. ಎಚ್ಚರವಿಟ್ಟು, ಅಳತೆಯರಿತು ಉಣ್ಣುವವನ ನೋವು ಕಡಿಮೆ, ಮುಪ್ಪು ನಿಧಾನ ಎಂಬ ಅರ್ಥದ ನಾಲ್ಕು ಸಾಲು ಹೇಳಿದ. ದೊರೆಯ ಹಿಂದೆ ಸುದಸ್ಸನ ಎಂಬ ಹುಡುಗ ನಿಂತಿದ್ದ. ಈ ಮಾತು ಕಲಿತುಕೋ, ನಾನು ಊಟಕ್ಕೆ ಕೂತಾಗಲೆಲ್ಲ ಹೇಳು, ದಿನಕ್ಕೆ ನೂರು ಕಹಾಪಣ ಕೊಡುತ್ತೇನೆ ಎಂದ ದೊರೆ. ಹುಡುಗ ಹಾಗೇ ಮಾಡಿದ. ದೊರೆ ಇಳಿಯುತ್ತ ಇಳಿಯುತ್ತ ಒಂದು ನಾಳಿಗೆ ಬಂದು ನಿಂತ. ಆಮೇಲೆ ಒಂದು ದಿನ ತನ್ನ ಮೈಕೈಗಳನ್ನು ತಾನೇ ನೇವರಿಸಿಕೊಂಡು ಸಂತೋಷಪಟ್ಟನಂತೆ.

ನಂತರ ಬಂದ ಅಟ್ಟಕಥೆಗಳು ಇದಕ್ಕೆ ಒಂದು ಸೊಗಸಾದ ವಿವರ ಸೇರಿಸುತ್ತವೆ. ಹುಡುಗ ಆ ಸಾಲುಗಳನ್ನು ಊಟದ ಶುರುವಿನಲ್ಲಿ ಹೇಳಬಾರದು. ದೊರೆ ಕೊನೆಯ ತುತ್ತಿಗೆ ಕೈಹಾಕಿದಾಗ ಹೇಳಬೇಕು. ದೊರೆ ಆ ತುತ್ತನ್ನು ಬಿಡುತ್ತಾನೆ. ಅದರಲ್ಲಿ ಎಷ್ಟು ಅಗುಳಿದೆಯೋ ಎಣಿಸಿ, ಮುಂದಿನ ಅಡುಗೆಗೆ ಅಷ್ಟು ಅಕ್ಕಿ ಕಡಿಮೆ ಹಾಕಬೇಕು. ಹಸಿದವನ ಮುಂದೆ ಉಪದೇಶ ನಿಲ್ಲುವುದಿಲ್ಲ, ಹೊಟ್ಟೆ ತುಂಬುತ್ತಿರುವಾಗ ಒಂದು ತುತ್ತನ್ನು ಬಿಡಿಸಬಹುದು ಎಂದು ಈ ಕತೆ ಕಟ್ಟಿದವರಿಗೆ ಗೊತ್ತಿತ್ತು. ದೊರೆಗೂ ತನ್ನ ಬಗ್ಗೆ ಒಂದು ವಿಷಯ ಗೊತ್ತಿತ್ತು: ತಟ್ಟೆಯ ಮುಂದೆ ತಾನೊಬ್ಬನೇ ಇದ್ದರೆ ಆಗುವ ಕೆಲಸವಲ್ಲ ಇದು, ಬೆನ್ನ ಹಿಂದೆ ಇನ್ನೊಬ್ಬ ಬೇಕು, ಅವನಿಗೆ ಸಂಬಳವನ್ನೂ ಕೊಡಬೇಕು.

ವೈದ್ಯರು ಇದನ್ನೇ ಶಾಸ್ತ್ರ ಮಾಡಿದರು. ಅಭ್ಯಾಸವಾಗಿಹೋದ ಅಪಥ್ಯವನ್ನು ಒಮ್ಮೆಗೇ ಬಿಡಬಾರದು, ಪಥ್ಯವನ್ನು ಒಮ್ಮೆಗೇ ಹಿಡಿಯಲೂಬಾರದು ಎಂಬುದು ಚರಕ ಸಂಹಿತೆಯ ಮತ. ವಾಗ್ಭಟನ ಅಷ್ಟಾಂಗ ಹೃದಯ ಇನ್ನೂ ಖಚಿತವಾಗಿ ಅಳತೆ ಕೊಡುತ್ತದೆ: ಕಾಲು ಭಾಗ ಬಿಡು, ಆಗದಿದ್ದರೆ ಕಾಲಿನ ಕಾಲು ಭಾಗ ಬಿಡು. ಎಂದರೆ ಹದಿನಾರನೆಯ ಒಂದು ಪಾಲು. ಕೆಟ್ಟ ಚಟವನ್ನೂ ಹಠಾತ್ತನೆ ಬಿಟ್ಟರೆ ಮೈಗೆ ತೊಂದರೆ ಎಂದು ಎಚ್ಚರಿಸುವ ಧೈರ್ಯ ಈ ಪುಸ್ತಕಗಳಿಗಿದೆ. ಧರ್ಮಗ್ರಂಥಗಳಿಗೆ ಆ ಸಲಿಗೆ ಸಿಗುವುದು ಕಷ್ಟ.

ಅಜೀರ್ಣದ ಬಗ್ಗೆಯೂ ಅವರ ಮಾತುಗಳು ನೆಲಕ್ಕಂಟಿದವು. ಹಗಲಿನ ಊಟ ಪೂರ್ತಿ ಅರಗದಿದ್ದರೂ ರಾತ್ರಿ ಉಣ್ಣಬಹುದು, ಆದರೆ ರಾತ್ರಿಯದು ಅರಗದೆ ಬೆಳಿಗ್ಗೆ ಉಣ್ಣುವುದು ಹಾಳಾದ ಹಾಲಿಗೆ ಹೊಸ ಹಾಲು ಹೊಯ್ದಂತೆ ಎನ್ನುತ್ತದೆ ಚರಕ. ಮದುವೆ ಮನೆಯ ರಿಸೆಪ್ಶನ್ ಊಟ ರಾತ್ರಿ ಹನ್ನೊಂದಕ್ಕೆ ಮುಗಿಸಿ ಮರುದಿನ ಏಳಕ್ಕೆ ಇಡ್ಲಿ ವಡೆಗೆ ಕೂತವರಿಗೆ ಇದರ ವ್ಯಾಖ್ಯಾನ ಬೇಕಿಲ್ಲ. ವಾಗ್ಭಟನಲ್ಲಿ ಇನ್ನೊಂದು ಮಾತಿದೆ: ಅಜೀರ್ಣದಲ್ಲಿ ಎಷ್ಟೇ ನೋವಿದ್ದರೂ ನೋವಿನ ಔಷಧಿ ಕುಡಿಯಬಾರದು, ಯಾಕೆಂದರೆ ಅರಗದ ಅನ್ನದಲ್ಲಿ ಸಿಕ್ಕಿಕೊಂಡಿರುವ ಅಗ್ನಿಗೆ ದೋಷ, ಔಷಧಿ, ಆಹಾರ ಮೂರನ್ನೂ ಒಟ್ಟಿಗೆ ಬೇಯಿಸುವ ಶಕ್ತಿಯಿಲ್ಲ. ಔಷಧಿ ಬೇಡವೆಂದದ್ದರಲ್ಲಿ ಗಾಂಧಿಯೂ ವಾಗ್ಭಟನೂ ಒಂದೇ ಕಡೆ ನಿಂತಂತೆ ಕಾಣುತ್ತದೆ. ಕಾರಣ ಮಾತ್ರ ಬೇರೆ. ವಾಗ್ಭಟನಿಗೆ ಅದು ಒಲೆಯ ಶಕ್ತಿಯ ಪ್ರಶ್ನೆ, ದಂಡದ್ದಲ್ಲ.

ಲಂಘನವೇ ಪರಮೌಷಧ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಆದರೆ ಲಂಘನದಿಂದ ಊಟಕ್ಕೆ ಮರಳುವ ದಾರಿಗೆ ಹಳೆಯ ವೈದ್ಯರು ಪ್ರತ್ಯೇಕ ಹೆಸರನ್ನೇ ಇಟ್ಟಿದ್ದರು ಎಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಅದು ಸಂಸರ್ಜನ ಕ್ರಮ. ವಮನ, ವಿರೇಚನದಿಂದ ಹೊಟ್ಟೆ ಖಾಲಿಯಾದವನಿಗೆ ಹೇಳಿದ ಕ್ರಮ ಇದು. ಮೊದಲು ಪೇಯ, ಎಂದರೆ ತೆಳು ಗಂಜಿ. ಆಮೇಲೆ ವಿಲೇಪಿ, ಮಂದವಾದ ಗಂಜಿ. ಆಮೇಲೆ ಒಗ್ಗರಣೆ, ಉಪ್ಪು, ಮಸಾಲೆ ಇಲ್ಲದ ಬೇಳೆಯ ಕಟ್ಟು. ಅದಾದ ಮೇಲೆ ಅವೆಲ್ಲ ಹಾಕಿದ ಕಟ್ಟು. ಕೊನೆಗೆ ಮಾಂಸದ ರಸ, ಅದೂ ಮೊದಲು ಸಪ್ಪೆ, ನಂತರ ಸಂಸ್ಕರಿಸಿದ್ದು. ಶೋಧನೆ ಎಷ್ಟು ತೀವ್ರವಾಗಿತ್ತು ಎಂಬುದರ ಮೇಲೆ ಪ್ರತಿ ಮೆಟ್ಟಿಲಿನಲ್ಲಿ ಒಂದು, ಎರಡು ಅಥವಾ ಮೂರು ಹೊತ್ತು ನಿಲ್ಲಬೇಕು. ಎಲ್ಲ ಸೇರಿ ಮೂರು, ಐದು ಅಥವಾ ಏಳು ದಿನ. ಚರಕ ಕೊಡುವ ಹೋಲಿಕೆ ಅಡುಗೆಮನೆಯದು: ಕಿಡಿಯನ್ನು ಹುಲ್ಲು, ಬೆರಣಿಗಳಿಂದ ಮೆಲ್ಲಗೆ ಊದಿ ದೊಡ್ಡದು ಮಾಡಿದಂತೆ ಹೊಟ್ಟೆಯ ಬೆಂಕಿಯನ್ನೂ ಬೆಳೆಸಬೇಕು. ನಂದುತ್ತಿರುವ ಕಿಡಿಯ ಮೇಲೆ ದೊಡ್ಡ ಕೊರಡು ಇಟ್ಟರೆ ಏನಾಗುತ್ತದೆಂದು ಸೌದೆ ಒಲೆ ಕಂಡವರಿಗೆಲ್ಲ ಗೊತ್ತು.

ಪುಸ್ತಕ ಓದದ ಮನೆಗಳಲ್ಲೂ ಈ ಕ್ರಮ ಉಳಿದುಬಂದಿದೆ. ಹೋಳಿಗೆಯ ಮರುದಿನ ಬರೀ ಸಾರು ಅನ್ನ, ಕರಾವಳಿಯಲ್ಲಿ ಗಂಜಿಯ ಜೊತೆ ಸ್ವಲ್ಪ ಉಪ್ಪಿನಕಾಯಿ, ಮಲೆನಾಡಿನಲ್ಲಿ ತಂಬುಳಿ, ಎಲ್ಲ ಕಡೆಯೂ ನೀರು ಮಜ್ಜಿಗೆ. ಮಾಧ್ವರ ಏಕಾದಶಿ ವ್ರತವನ್ನೂ ಹೀಗೆ ನೋಡಬಹುದು. ಅದು ಒಂದು ದಿನದ ಉಪವಾಸವಲ್ಲ, ಮೂರು ದಿನದ ಇಳಿಜಾರು ಮತ್ತು ಏರು. ದಶಮಿಯಂದು ಒಂದೇ ಊಟ, ಏಕಾದಶಿ ನಿರಾಹಾರ, ದ್ವಾದಶಿಯ ಬೆಳಿಗ್ಗೆ ಪಾರಣೆ, ಅಂದೂ ಒಂದೇ ಊಟ. ಚೆನ್ನೈಯಲ್ಲಿರುವವರು ಪಕ್ಕದ ಮನೆಯ ಶ್ರೀವೈಷ್ಣವರ ದ್ವಾದಶಿಯಲ್ಲಿ ಅಗಸೆ ಸೊಪ್ಪು, ನೆಲ್ಲಿಕಾಯಿ ಕಂಡಿರುತ್ತಾರೆ.

ನಡಿಯಾದ್‌ನ ರೋಗಿಗೆ ಇಂಥ ಮೆಟ್ಟಿಲುಗಳು ಇರಲಿಲ್ಲ. ಇದ್ದವನ್ನು ಅವರೇ ಒಂದೊಂದಾಗಿ ಕಿತ್ತುಹಾಕಿದ್ದರು. ಭೇದಿಯಿಂದ ನಿತ್ರಾಣ, ನಿತ್ರಾಣದಿಂದ ಜ್ವರ, ಜ್ವರದಲ್ಲಿ ಕನವರಿಕೆ. ತನ್ನ ಮೈ ಕಬ್ಬಿಣದ್ದು ಎಂದುಕೊಂಡಿದ್ದವನಿಗೆ ಅದು ಮಣ್ಣಿನ ಮುದ್ದೆಯಾಗಿ ಕಂಡಿತು. ಅಹಮದಾಬಾದಿನ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ಮತ್ತು ಅವರ ಪತ್ನಿ ಬಂದು ಜೋಪಾನವಾಗಿ ತಮ್ಮ ಮಿರ್ಜಾಪುರ ಬಂಗಲೆಗೆ ಕರೆದೊಯ್ದರು. ಅದೇ ವರ್ಷದ ಆರಂಭದಲ್ಲಿ ಗಿರಣಿ ಕಾರ್ಮಿಕರ ಪರವಾಗಿ ಇದೇ ಅಂಬಾಲಾಲರ ಎದುರು ಗಾಂಧಿ ಉಪವಾಸ ಕೂತಿದ್ದರು ಎಂಬುದನ್ನು ನೆನೆದರೆ ಆ ಕಾಲದ ಜಗಳಗಳ ಬಗ್ಗೆ ಗೌರವ ಹುಟ್ಟುತ್ತದೆ. ಅಲ್ಲಿಯ ಆರೈಕೆ ಹೆಚ್ಚಾಯಿತೆನ್ನಿಸಿ ಗಾಂಧಿ ಹಠಮಾಡಿ ಆಶ್ರಮಕ್ಕೆ ಮರಳಿದರು. ಜ್ವರ ಮಾತ್ರ ಬಿಡಲಿಲ್ಲ.

ಮೈ ಕಟ್ಟುವುದು ಹೇಗೆ ಎಂಬ ಪ್ರಶ್ನೆ ಬಂದಾಗ ಆಯುರ್ವೇದವೂ ಅವರ ಹಾಸಿಗೆಯ ಬಳಿ ಬಂತು. ಹಾಲಿನ ವ್ರತ ಇರುವುದಾದರೆ ಮಾಂಸದ ರಸ ತಗೊಳ್ಳಿ ಎಂದು ಕೆಲವರು ಶಾಸ್ತ್ರದ ಆಧಾರ ತೋರಿಸಿದರು. ಸಂಸರ್ಜನದ ಮೇಲಿನ ಮೆಟ್ಟಿಲು ಅದೇ ತಾನೇ, ಅವರು ಹೇಳಿದ್ದು ತಪ್ಪಲ್ಲ. ಇನ್ನೊಬ್ಬರು ಮೊಟ್ಟೆ ಎಂದರು. ಎಲ್ಲದಕ್ಕೂ ಒಂದೇ ಉತ್ತರ: ಇಲ್ಲ. ಹಾಲನ್ನು ಅವರು ಬಿಟ್ಟದ್ದು 1912ರಲ್ಲಿ, ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ, ಗೆಳೆಯ ಹರ್ಮನ್ ಕ್ಯಾಲೆನ್‌ಬಾಕ್ ಜೊತೆ. ಹಾಲು ಮನುಷ್ಯನ ಸಹಜ ಆಹಾರವಲ್ಲ ಎಂಬ ನಂಬಿಕೆ ಮೊದಲೇ ಇತ್ತು; ಕೊನೆಯ ಹನಿಯವರೆಗೂ ಹಾಲು ಹಿಂಡಲು ಹಸು ಎಮ್ಮೆಗಳಿಗೆ ಕೊಡುತ್ತಿದ್ದ ಫೂಕಾ ಎಂಬ ಹಿಂಸೆಯ ಬಗ್ಗೆ ಓದಿ ಅಸಹ್ಯವೂ ಸೇರಿಕೊಂಡಿತ್ತು.

ಇದೇ ತಿಂಗಳುಗಳಲ್ಲಿ ಇನ್‌ಫ್ಲುಯೆಂಜಾ ದೇಶವನ್ನು ಹೊಕ್ಕಿತು. ಗಾಂಧಿಗೂ ಆ ಜ್ವರವೇ ಬಂದಿತ್ತೆಂದು ಕೆಲವು ಬರಹಗಳಲ್ಲಿ ಕಾಣುತ್ತದೆ. ಅವರದು ಆಮಶಂಕೆ, ಅದು ಸಾಂಕ್ರಾಮಿಕದ ಎರಡನೆಯ ಅಲೆಗೆ ಮೊದಲೇ ಹಿಡಿದದ್ದು. ಹಿರಿಯ ಮಗ ಹರಿಲಾಲನ ಹೆಂಡತಿ ಗುಲಾಬ್ ಮಾತ್ರ ಆ ಇನ್‌ಫ್ಲುಯೆಂಜಾಕ್ಕೇ ಬಲಿಯಾದರು. ಆ ದಿನಗಳಲ್ಲಿ ಗಂಗಾಬೆನ್ ಮಜುಂದಾರ್ ಅವರಿಗೆ ಗಾಂಧಿ ಬರೆದ ಒಂದು ಕಾಗದವಿದೆ. ಜ್ವರ ಬಿಟ್ಟಿತೆಂದು ಅನ್ನಿಸಿದ ಮೇಲೂ ಹಾಸಿಗೆಯಲ್ಲೇ ಪೂರ್ತಿ ವಿಶ್ರಾಂತಿ ಬೇಕು, ಸುಲಭವಾಗಿ ಅರಗುವ ದ್ರವಾಹಾರ ಮಾತ್ರ ತಗೊಳ್ಳಬೇಕು, ಮೂರನೆಯ ದಿನಕ್ಕೇ ಕೆಲಸಕ್ಕೂ ಎಂದಿನ ಊಟಕ್ಕೂ ಇಳಿಯುವುದರಿಂದಲೇ ರೋಗ ಮರುಕಳಿಸುತ್ತದೆ, ಕೆಲವೊಮ್ಮೆ ಪ್ರಾಣವನ್ನೂ ತೆಗೆಯುತ್ತದೆ ಎಂಬುದು ಅದರ ಸಾರ. ಚರಕ ಓದಿದ ವೈದ್ಯನೂ ಇದನ್ನೇ ಬರೆಯುತ್ತಿದ್ದ. ಇನ್ನೊಬ್ಬರಿಗೆ ಹೇಳುವಾಗ ಗಾಂಧಿಯ ಮಾತಿನಲ್ಲಿ ದಂಡವಿಲ್ಲ, ಪಾಪವಿಲ್ಲ, ಮೆಟ್ಟಿಲುಗಳಿವೆ.

ನವೆಂಬರ್‌ನಲ್ಲಿ ಯುದ್ಧ ಮುಗಿಯಿತು. ಜರ್ಮನಿ ಸೋತಿದೆ, ಇನ್ನು ಸೈನಿಕರು ಬೇಡವೆಂದು ಕಮಿಷನರ್ ಹೇಳಿಕಳಿಸಿದ್ದಾರೆ ಎಂಬ ಸುದ್ದಿಯನ್ನು ಪಟೇಲರು ತಂದಾಗ ಗಾಂಧಿಗೆ ಆದ ನಿರಾಳ ಎಷ್ಟೆಂದರೆ, ಆ ಐದು ತಿಂಗಳ ಕಾಯಿಲೆಯಲ್ಲಿ ಮನಸ್ಸಿನ ಪಾಲೂ ಇತ್ತೇನೋ ಎಂಬ ಅನುಮಾನ ಬರುತ್ತದೆ. ಒಂದು ರಾತ್ರಿಯಂತೂ ಇನ್ನು ಉಳಿಯುವುದಿಲ್ಲವೆಂದು ಅನಸೂಯಾಬೆನ್‌ಗೆ ಹೇಳಿಕಳಿಸಿದರು. ಡಾ. ಕಾನೂಗಾ ನಾಡಿ ನೋಡಿ, ಏನೂ ಅಪಾಯವಿಲ್ಲ, ಇದು ನಿಶ್ಶಕ್ತಿಯಿಂದ ಬಂದ ಅಂಜಿಕೆ ಎಂದರು. ರೋಗಿ ನಂಬಲಿಲ್ಲ, ಎಚ್ಚರವಿದ್ದಷ್ಟು ಹೊತ್ತು ಭಗವದ್ಗೀತೆ ಓದಿಸಿ ಕೇಳುತ್ತ ಸಾವಿಗೆ ಕಾದರು. ಆಗ ಡಾ. ತಲವಲ್ಕರ್ ಒಬ್ಬ ವಿಚಿತ್ರ ವ್ಯಕ್ತಿಯನ್ನು ಕರೆತಂದರು. ಕೇಳ್ಕರ್ ಎಂಬ ಮರಾಠಿಗ. ಬೊಂಬಾಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಓದಿ ಡಿಗ್ರಿ ಪಡೆಯದೆ ಬಂದವರು, ಮೈಮೇಲೆಲ್ಲ ಮಂಜುಗಡ್ಡೆ ಇಡುವ ಚಿಕಿತ್ಸೆಯಿಂದ ಐಸ್ ಡಾಕ್ಟರ್ ಎಂಬ ಅಡ್ಡಹೆಸರು ಪಡೆದವರು. ಮಂಜುಗಡ್ಡೆಯ ಗುಣವೋ ಅವರ ಉತ್ಸಾಹದ ಗುಣವೋ, ಗಾಂಧಿಗೆ ಹಸಿವು ಮರಳಿತು. ದಿನಕ್ಕೆ ಐದು ಹತ್ತು ನಿಮಿಷ ನಡೆಯತೊಡಗಿದರು.

ಹವೆ ಬದಲಾಗಲೆಂದು ಮಾಥೇರಾನ್‌ಗೆ ಹೋದದ್ದು ಕೆಲಸಕ್ಕೆ ಬರಲಿಲ್ಲ. ಅಲ್ಲಿಯ ನೀರು ಗಡಸು. ಆಮಶಂಕೆ ಬಿಟ್ಟುಹೋದ ಗುದದ ಸೀಳುಗಳಿಂದ ಶೌಚವೆಂದರೆ ಯಾತನೆ, ಅದರಿಂದಾಗಿ ಊಟವೆಂದರೇ ಭಯ. ವಾರ ತುಂಬುವ ಮೊದಲೇ ಬೊಂಬಾಯಿಗೆ ಇಳಿದರು. ಶಂಕರಲಾಲ್ ಬ್ಯಾಂಕರ್ ಅವರ ಆರೋಗ್ಯದ ಉಸ್ತುವಾರಿ ವಹಿಸಿಕೊಂಡು ಡಾ. ದಲಾಲ್ ಅವರನ್ನು ಕರೆಸಿದರು. ಹಾಲು ಕುಡಿಯದೆ ನಿಮ್ಮ ಮೈ ಕಟ್ಟಲಾರೆ 
ಎಂದರು ದಲಾಲ್. ಇಂಜೆಕ್ಷನ್ ಬೇಕಾದರೆ ಕೊಡಿ, ಹಾಲಿಗೆ ಮಾತ್ರ ವ್ರತವಿದೆ ಎಂದರು ಗಾಂಧಿ. ನಾಲ್ಕು ತಿಂಗಳ ಹಿಂದೆ ಬೇಡವೆಂದಿದ್ದ ಇಂಜೆಕ್ಷನ್ ಈಗ ಚರ್ಚೆಯಿಲ್ಲದೆ ಒಪ್ಪಿಗೆಯಾಗಿತ್ತು ಎಂಬುದನ್ನು ಗಮನಿಸಬೇಕು. ವ್ರತದ ಸ್ವರೂಪವೇನು ಎಂದು ಡಾಕ್ಟರ್ ಕೇಳಿದರು. ಫೂಕಾದ ಕತೆಯನ್ನೆಲ್ಲ ಗಾಂಧಿ ವಿವರಿಸಿದರು. ಹಾಸಿಗೆಯ ಪಕ್ಕ ನಿಂತು ಕೇಳುತ್ತಿದ್ದ ಕಸ್ತೂರ್‌ಬಾ ನಡುವೆ ಬಾಯಿ ಹಾಕಿದರು: ಹಾಗಾದರೆ ಮೇಕೆಯ ಹಾಲಿಗೇನೂ ಅಡ್ಡಿಯಿಲ್ಲವಲ್ಲ? ಮೇಕೆಯದಾದರೂ ಸಾಕು ಎಂದು ಡಾಕ್ಟರ್ ದನಿಗೂಡಿಸಿದರು.

ಗಾಂಧಿ ಸೋತರು. ಹಾಗೆಂದೇ ಅವರು ಬರೆದುಕೊಂಡಿದ್ದಾರೆ. ಬದುಕಬೇಕೆಂಬ ಆಸೆಗೆ ಬಿದ್ದು ವ್ರತದ ಅಕ್ಷರವನ್ನಷ್ಟೇ ಉಳಿಸಿಕೊಂಡೆ, ಆತ್ಮವನ್ನು ಬಲಿಕೊಟ್ಟೆ ಎಂಬ ಚುಚ್ಚು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಆದರೆ ಮೈ ಮಾತ್ರ ಮಾತು ಕೇಳಿತು. 1919ರ ಜನವರಿಯಲ್ಲಿ ದಲಾಲ್ ಸೀಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಚೇತರಿಸಿಕೊಳ್ಳುತ್ತಿರುವಾಗಲೇ ಪತ್ರಿಕೆಯಲ್ಲಿ ರೌಲಟ್ ಸಮಿತಿಯ ವರದಿ ಕಣ್ಣಿಗೆ ಬಿತ್ತು. ಏಪ್ರಿಲ್ 6ರಂದು ದೇಶವೆಲ್ಲ ಅಂಗಡಿ ಮುಚ್ಚಿತ್ತು.

ಆತ್ಮಕಥೆಯ ಈ ಅಧ್ಯಾಯಗಳಲ್ಲಿ ಕಸ್ತೂರ್‌ಬಾ ಎರಡು ಸಲ ಬರುತ್ತಾರೆ, ಎರಡು ಸಲವೂ ಗಂಡನನ್ನು ಸೋಲಿಸುವವರಾಗಿ. ಮೊದಲ ಸಲ ಗಂಜಿ ಮುಂದಿಟ್ಟು, ಎರಡನೆಯ ಸಲ ಮೇಕೆ ಹಾಲಿನ ಮಾತೆತ್ತಿ. ಎರಡನ್ನೂ ಗಾಂಧಿ ಪ್ರಲೋಭನೆಯ ಸಾಲಿಗೇ ಸೇರಿಸಿದ್ದಾರೆ. ಅಡುಗೆಮನೆಯ ಕಡೆಯಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಗಂಡನ ವ್ರತಕ್ಕೆ ಭಂಗ ಬರದಂತೆ ತುಪ್ಪದ ಬದಲು ಎಣ್ಣೆ ಹಾಕಿದವರು ಅವರು. ಅದೇ ಹಳೆಯ ಅಭ್ಯಾಸದಿಂದ, ವ್ರತದ ಗೋಡೆಯಲ್ಲಿ ಬಾಗಿಲು ಎಲ್ಲಿದೆಯೆಂದು ಹುಡುಕಿದವರೂ ಅವರೇ. ಇಂಥದ್ದು ತಿನ್ನುವುದಿಲ್ಲ ಎನ್ನುವವರಿಗೆ ದಿನಾ ಅಡುಗೆ ಮಾಡುವವರಿಗೆ ಈ ಹುಡುಕಾಟ ಹೊಸದಲ್ಲ.

ಗಾಂಧಿಯ ಜೊತೆ ಮೇಕೆ ಹಾಲು ಅಲ್ಲಿಂದ ಊರೂರು ಸುತ್ತಿತು. 1927ರಲ್ಲಿ ರಕ್ತದೊತ್ತಡ ಏರಿ ಪ್ರವಾಸ ನಿಲ್ಲಿಸಬೇಕಾಗಿ ಬಂದಾಗ ಅವರು ಬೇಸಿಗೆ ಕಳೆದದ್ದು ನಂದಿಬೆಟ್ಟದಲ್ಲಿ, ಆಮೇಲೆ ಬೆಂಗಳೂರಿನ ಕುಮಾರಪಾರ್ಕಿನಲ್ಲಿ. ಹಸುವಿನ ಹಾಲು ಬಿಟ್ಟ ಈ ಮನುಷ್ಯ ಬೆಂಗಳೂರಿನ ಇಂಪೀರಿಯಲ್ ಡೈರಿಗೆ ಹೋಗಿ ಹಸು ಸಾಕಣೆಯ ಬಗ್ಗೆ ಶ್ರದ್ಧೆಯಿಂದ ಪಾಠ ಹೇಳಿಸಿಕೊಂಡದ್ದೂ ಆಗಲೇ. 1929ರಲ್ಲಿ ಬೇಯಿಸದ ಆಹಾರದ ಪ್ರಯೋಗ ಹಿಡಿದು ಹಾಲನ್ನು ಮತ್ತೆ ಬಿಟ್ಟರು. ಮತ್ತೆ ಹೊಟ್ಟೆ ಕೆಟ್ಟಿತು, ಮತ್ತೆ ಮೇಕೆ ಹಾಲಿಗೆ ಬಂದರು. ಈ ಸಲ ಐದು ತಿಂಗಳು ಹಿಡಿಯಲಿಲ್ಲ. ಯಮದೂತನ ಮಾತೂ ಬರಲಿಲ್ಲ. ಪ್ರಯೋಗ ಫಲಿಸಲಿಲ್ಲವೆಂದು ಯಂಗ್ ಇಂಡಿಯಾದಲ್ಲಿ ಓದುಗರಿಗೆ ತಿಳಿಸಿ ಮುಂದಕ್ಕೆ ಹೋದರು.

1942ರ ಆಗಸ್ಟ್‌ನಲ್ಲಿ ಅವರನ್ನು ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧನದಲ್ಲಿಟ್ಟರು. ಅಲ್ಲಿ ಆರೋಗ್ಯದ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆಯಲು ಕೂತು, ಡಿಸೆಂಬರ್ 18ಕ್ಕೆ ಮುಗಿಸಿದರು. ಹಾಲಿನ ಪ್ರಸ್ತಾಪ ಬಂದಾಗ ಹಳೆಯ ಕಾಯಿಲೆಯ ಕತೆ ಅದರಲ್ಲಿ ಮತ್ತೆ ಬರುತ್ತದೆ. ಅಷ್ಟರಲ್ಲಿ ನೆನಪು ಸ್ವಲ್ಪ ಸರಿದಿತ್ತು. ಇಸವಿ 1917 ಎಂದಿದ್ದಾರೆ. ಹಬ್ಬದೂಟದ ಸುದ್ದಿಯಿಲ್ಲ, ನನ್ನ ಅಜ್ಞಾನದಿಂದ ಎಂದಷ್ಟೇ ಇದೆ. ಮೇಕೆ ಹಾಲಿನ ಸೂಚನೆ ಮೊದಲು ಬಂದದ್ದು ಒಬ್ಬ ವೈದ್ಯ ಮಿತ್ರರಿಂದ, ಹೆಂಡತಿ ಅದನ್ನು ಬೆಂಬಲಿಸಿದಳು, ತಾನು ಒಪ್ಪಿದೆ ಎಂದು ಬರೆಯುತ್ತಾರೆ. ಮೊದಲು ಮಾತಾಡಿದವರು ಯಾರೆಂದು ಹೇಳಬಲ್ಲ ಒಬ್ಬರು ಆಗ ಅದೇ ಅರಮನೆಯಲ್ಲಿ, ಅದೇ ಬಂಧನದಲ್ಲಿ ಇದ್ದರು. ಕಸ್ತೂರ್‌ಬಾ ಆತ್ಮಕಥೆ ಬರೆಯಲಿಲ್ಲ. 1944ರ ಫೆಬ್ರವರಿ 22ರಂದು ಅಲ್ಲಿಯೇ ತೀರಿಕೊಂಡರು.